ಊರ ಹೆಸರು ಹೊತ್ತ ಕೋಳಿ: ಕೀವ್ ಕಟ್ಲೆಟ್‌ನ ಚರಿತ್ರೆಯನ್ನು ಪಳನಿಯ ಕಡೆಯಿಂದ ನೋಡುವುದು

(ಪಳನಿ, ದಿಂಡಿಗಲ್, ತೇನಿ, ಕಂಬಂ ಭಾಗದ ಕನ್ನಡಿಗರಿಗಾಗಿ ನಡೆದ ಆನ್‌ಲೈನ್ ವಿಚಾರಸಂಕಿರಣದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಉಳಿಸಿಕೊಳ್ಳಲಾಗಿದೆ. ಕೊನೆಯಲ್ಲಿ ಸಂವಾದದ ಆಯ್ದ ಭಾಗವಿದೆ.)



ನಮ್ಮ ಇವತ್ತಿನ ವಿಷಯ ಊರ ಹೆಸರು ಹೊತ್ತ ತಿನಿಸುಗಳು. ಹಾಗಂದ ಕೂಡಲೇ ಇಲ್ಲಿ ಕೂತಿರುವವರ ಮನಸ್ಸಿಗೆ ಬರೋದು ಪಳನಿ ಪಂಚಾಮೃತ, ದಿಂಡಿಗಲ್ ಬಿರಿಯಾನಿ. ಕರ್ನಾಟಕದಿಂದ ಸೇರಿಕೊಂಡವರಿಗೆ ದಾವಣಗೆರೆ ಬೆಣ್ಣೆ ದೋಸೆ, ಧಾರವಾಡ ಪೇಡ, ಬೆಳಗಾವಿ ಕುಂದ. ನಾನು ಮಾತ್ರ ಇವುಗಳನ್ನೆಲ್ಲ ಬಿಟ್ಟು ಬಹಳ ದೂರದ ಒಂದು ತಿನಿಸನ್ನು ಎತ್ತಿಕೊಂಡಿದ್ದೇನೆ. ಬೆಣ್ಣೆ ತುಂಬಿ, ಬ್ರೆಡ್ ಪುಡಿ ಹೊದಿಸಿ ಕರಿದ ಕೋಳಿ. ಇಂಗ್ಲಿಷಿನವರು ಚಿಕನ್ ಕೀವ್ ಅಂತಾರೆ, ರಷ್ಯನ್ನರು, ಉಕ್ರೇನಿನವರು ಕೀವ್ ಕಟ್ಲೆಟ್ ಅಂತಾರೆ.

ಯಾಕೆ ಇಷ್ಟು ದೂರ ಹೋಗಬೇಕು ಅಂತ ಕೇಳಬಹುದು. ಕಾರಣ ಸರಳ. ನಮ್ಮ ಊರಿನ ತಿನಿಸಿನ ವಿಚಾರ ಬಂದರೆ ನಾವು ಯಾರೂ ತಣ್ಣಗೆ ಯೋಚಿಸೋದಿಲ್ಲ. "ಇದು ನಮ್ಮದೇ" ಅನ್ನೋ ಮಾತು ಮೊದಲು ಬರುತ್ತೆ, ಪುರಾವೆ ಆಮೇಲೆ. ನಮಗೆ ಯಾವ ಹಂಗೂ ಇಲ್ಲದ ತಿನಿಸಿನ ಮೇಲೆ ಪ್ರಶ್ನೆಗಳನ್ನು ಹಾಕಿ ನೋಡಿದರೆ ಆ ಪ್ರಶ್ನೆಗಳು ಹದವಾಗುತ್ತವೆ. ಆಮೇಲೆ ಅವನ್ನೇ ಹಿಡಿದುಕೊಂಡು ಕಂಬಂ ಕಣಿವೆಗೆ ವಾಪಸ್ ಬರೋಣ.

ನನ್ನ ವಾದ ಇಷ್ಟು. ಊರ ಹೆಸರಿರುವ ಯಾವುದೇ ತಿನಿಸಿನಲ್ಲಿ ಮೂರು ಬೇರೆ ಬೇರೆ ಚರಿತ್ರೆಗಳು ಇರುತ್ತವೆ. ಒಂದು ಕೈಯ ಚರಿತ್ರೆ, ಅಂದ್ರೆ ಮಾಡುವ ವಿದ್ಯೆ ಎಲ್ಲಿಂದ ಬಂತು ಅನ್ನೋದು. ಎರಡು ಹೆಸರಿನ ಚರಿತ್ರೆ. ಮೂರು ಹಕ್ಕಿನ ಚರಿತ್ರೆ, ಅಂದ್ರೆ ಇದು ನಮ್ಮದು ಅಂತ ಯಾರು, ಯಾವಾಗ, ಯಾಕೆ ಹೇಳಿದರು ಅನ್ನೋದು. ಈ ಮೂರೂ ಒಂದೇ ಕಾಲದಲ್ಲಿ, ಒಂದೇ ಜಾಗದಲ್ಲಿ ಹುಟ್ಟಬೇಕಾಗಿಲ್ಲ. ಬಹಳ ಸಲ ಹುಟ್ಟೋದೂ ಇಲ್ಲ.

1. ತಿನಿಸು ಮತ್ತು ಅದರ ತೊಡಕು

ಮೊದಲು ಇದು ಏನು ಅಂತ ತಿಳಿಯೋಣ. ಕೋಳಿಯ ಎದೆಯ ಮಾಂಸವನ್ನು ರೆಕ್ಕೆಯ ಒಂದು ಮೂಳೆ ಉಳಿಸಿ ಬಿಡಿಸುತ್ತಾರೆ. ಅದನ್ನು ಬಡಿದು ತೆಳ್ಳಗೆ ಮಾಡುತ್ತಾರೆ. ಒಳಗೆ ಗಟ್ಟಿಯಾಗಿ ತಣಿಸಿದ ಬೆಣ್ಣೆಯ ತುಂಡು. ಬೆಣ್ಣೆಗೆ ಪಾರ್ಸ್ಲಿ ಅಥವಾ ಸಬ್ಬಸಿಗೆ ಸೊಪ್ಪು, ಕೆಲವು ಕಡೆ ನಿಂಬೆರಸ, ಬೆಳ್ಳುಳ್ಳಿ. ಮಾಂಸವನ್ನು ಸುತ್ತಿ ಮುಚ್ಚಿ, ಮೈದಾದಲ್ಲಿ ಹೊರಳಿಸಿ, ಒಡೆದ ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿ ಹಚ್ಚುತ್ತಾರೆ. ಮೊಟ್ಟೆ ಮತ್ತು ಪುಡಿ ಸಾಮಾನ್ಯವಾಗಿ ಎರಡು ಸಲ. ಮತ್ತೆ ತಣ್ಣಗೆ ಇಟ್ಟು, ಆಮೇಲೆ ಕಾದ ಎಣ್ಣೆಗೆ. ತಟ್ಟೆಯಲ್ಲಿ ಚಾಕು ಹಾಕಿದಾಗ ಕರಗಿದ ಬೆಣ್ಣೆ ಹೊರಗೆ ಚಿಮ್ಮಬೇಕು. ಅದೇ ಇದರ ಗತ್ತು.

ಹೋಳಿಗೆ ಮಾಡುವವರಿಗೆ ಇದರ ಕಷ್ಟ ಬೇಗ ಅರ್ಥವಾಗುತ್ತೆ. ಕಣಕ ಹರಿದರೆ ಹೂರಣ ಹೆಂಚಿಗೆ ಹತ್ತುತ್ತೆ. ಇಲ್ಲಿ ಕಣಕದ ಜಾಗದಲ್ಲಿ ಮಾಂಸ, ಹೂರಣದ ಜಾಗದಲ್ಲಿ ಬೆಣ್ಣೆ. ಆದರೆ ಬೇಳೆ ಹೂರಣ ಕರಗಿ ನೀರಾಗೋದಿಲ್ಲ, ಬೆಣ್ಣೆ ಆಗುತ್ತೆ. ಬೆಣ್ಣೆಯಲ್ಲಿ ಸುಮಾರು ಶೇ. 80 ಕೊಬ್ಬು, ಉಳಿದದ್ದರಲ್ಲಿ ಬಹುಪಾಲು ನೀರು. ಎಣ್ಣೆ 170–180 ಡಿಗ್ರಿ ಇರುವಾಗ ಒಳಗಿನ ನೀರು ಆವಿಯಾಗಲು ನೋಡುತ್ತೆ, ಆವಿ ದಾರಿ ಹುಡುಕುತ್ತೆ. ಒಂದು ಸಣ್ಣ ಸೀಳು ಸಿಕ್ಕರೂ ಬೆಣ್ಣೆಯೆಲ್ಲ ಬಾಣಲೆಯ ಪಾಲು. ಎರಡು ಪದರ ಪುಡಿ ಹಚ್ಚುವುದು ರುಚಿಗಿಂತ ಹೆಚ್ಚಾಗಿ ಇದಕ್ಕೇ. ಹೊರಗಿನ ಹೊದಿಕೆ ಗಟ್ಟಿಯಾಗುವವರೆಗೂ ಒಳಗಿನ ಬೆಣ್ಣೆ ಗಟ್ಟಿಯಾಗಿಯೇ ಇರಬೇಕು. ಹಾಗಾಗಿ ಈ ಅಡುಗೆಗೆ ಬೆಂಕಿ ಎಷ್ಟು ಮುಖ್ಯವೋ ಚಳಿಯೂ ಅಷ್ಟೇ ಮುಖ್ಯ.

ಇದನ್ನು ನಮ್ಮ ಜಿಲ್ಲೆಯ ಮೇಲೆ ಇಟ್ಟು ನೋಡಿ. ಬೆಣ್ಣೆ ಮೂವತ್ತೈದು ಡಿಗ್ರಿ ಹತ್ತಿರ ಪೂರ್ತಿ ಕರಗುತ್ತೆ. ಪಳನಿಯ ಬಯಲಲ್ಲಿ ಬೇಸಿಗೆಯ ಮಧ್ಯಾಹ್ನ ಅದಕ್ಕಿಂತ ಬಿಸಿ ಇರುತ್ತೆ. ಅದೇ ಪಳನಿ ಬೆಟ್ಟ ಹತ್ತಿ ಸುಮಾರು 2,100 ಮೀಟರ್ ಎತ್ತರದ ಕೊಡೈಕೆನಾಲಿಗೆ ಹೋದರೆ ಬೆಣ್ಣೆ ಮೇಜಿನ ಮೇಲೆ ಗಟ್ಟಿಯಾಗಿ ಕೂತಿರುತ್ತೆ. ಒಂದೇ ಜಿಲ್ಲೆಯಲ್ಲಿ ಬೆಣ್ಣೆಗೆ ಎರಡು ಸ್ವಭಾವ. ಬಯಲಿನವರು ಬೆಣ್ಣೆಯನ್ನು ಉಳಿಸಿಕೊಳ್ಳಲು ಕಂಡುಕೊಂಡ ದಾರಿ ಅದನ್ನು ಕಾಯಿಸಿ ತುಪ್ಪ ಮಾಡುವುದು. ನೀರಿನಂಶ ಹೋದ ಮೇಲೆ ಅದು ತಿಂಗಳುಗಟ್ಟಲೆ ಕೆಡೋದಿಲ್ಲ. ಪಳನಿ ಪಂಚಾಮೃತಕ್ಕೆ ಬೀಳೋದೂ ತುಪ್ಪವೇ. ನಮ್ಮ ಸೀಮೆಯಲ್ಲಿ ಬೆಣ್ಣೆ ತುಂಬಿದ ಕರಿದ ತಿನಿಸು ಯಾಕೆ ಬೆಳೆಯಲಿಲ್ಲ ಅನ್ನೋದಕ್ಕೆ ಮಡಿ ಮೈಲಿಗೆ, ಜಾತಿ, ರುಚಿ ಅಂತ ಕಾರಣ ಹುಡುಕುವ ಮೊದಲು ಈ ಹವೆಯ ಕಾರಣವನ್ನು ಗಮನಿಸಬೇಕು.

2. ಕೈಯ ಚರಿತ್ರೆ

ಈ ವಿದ್ಯೆ ಎಲ್ಲಿಂದ ಬಂತು? ಒಂದೇ ಕಡೆಯಿಂದ ಅಲ್ಲ.

ಹೊದಿಕೆ ಹಚ್ಚುವ ಕ್ರಮ ಫ್ರೆಂಚ್ ಅಡುಗೆಯದು. ಮಾಂಸದ ನಯವಾದ ತುಂಡನ್ನು ಮೊಟ್ಟೆ, ಬ್ರೆಡ್ ಪುಡಿಯಲ್ಲಿ ಹೊದಿಸಿ ಬೆಣ್ಣೆಯಲ್ಲಿ ಹುರಿಯೋದನ್ನು ಅವರು ಮಾರೆಶಾಲ್ ಶೈಲಿ ಅಂತ ಕರೆದರು. ಹತ್ತೊಂಬತ್ತನೇ ಶತಮಾನದ ರಷ್ಯಾದ ಶ್ರೀಮಂತರ ಮನೆಗಳಲ್ಲಿ ಫ್ರೆಂಚ್ ಅಡುಗೆಯವರು, ಫ್ರೆಂಚ್ ಹೆಸರುಗಳು ಮಾಮೂಲು. 1861ರಲ್ಲಿ ಎಲೆನಾ ಮೊಲೊಖೊವೆಟ್ಸ್ ಎಂಬಾಕೆ ಯುವ ಗೃಹಿಣಿಯರಿಗೆಂದು ಬರೆದ ಅಡುಗೆ ಪುಸ್ತಕ ಅಲ್ಲಿ ದಶಕಗಳ ಕಾಲ ಮರುಮುದ್ರಣ ಕಂಡಿತು. ಅದರಲ್ಲಿ ಮಾರೆಶಾಲ್ ಹೆಸರಿನಲ್ಲೇ ಒಂದು ಜಾತಿಯ ಕಾಡುಹಕ್ಕಿಯ ಅಡುಗೆ ಇದೆ.

ಇದಕ್ಕೂ ಮೊದಲು ಮಾಸ್ಕೋ–ಪೀಟರ್ಸ್‌ಬರ್ಗ್ ಹೆದ್ದಾರಿಯಲ್ಲಿ ತೊರ್ಜೋಕ್ ಎಂಬ ಊರಿತ್ತು. ಅಲ್ಲಿ ಪೊಝಾರ್ಸ್ಕಿ ಎಂಬುವರ ತಂಗುಮನೆ. ಅಲ್ಲಿನ ಕಟ್ಲೆಟ್ ಎಷ್ಟು ಹೆಸರುವಾಸಿ ಅಂದ್ರೆ ಕವಿ ಪುಷ್ಕಿನ್ 1826ರಲ್ಲಿ ಗೆಳೆಯನಿಗೆ ಬರೆದ ಕಾಗದದಲ್ಲಿ ಅದನ್ನು ಶಿಫಾರಸು ಮಾಡಿದ. ಪೊಝಾರ್ಸ್ಕಿ ಕಟ್ಲೆಟ್ ಅಂತ ನಮಗೆ ಬಂದಿರುವ ಅಡುಗೆಯಲ್ಲಿ ಕೋಳಿ ಮಾಂಸವನ್ನು ಕೊಚ್ಚಿ ಅದಕ್ಕೆ ಬೆಣ್ಣೆ ಕಲಸಿ, ಬ್ರೆಡ್ ಪುಡಿ ಹಚ್ಚಿ ಹುರಿಯುತ್ತಾರೆ. ಬೆಣ್ಣೆ ಇದೆ, ಕೋಳಿ ಇದೆ, ಹೊದಿಕೆ ಇದೆ. ಬೆಣ್ಣೆ ಮಾತ್ರ ಹೂರಣವಾಗಿಲ್ಲ, ಮಾಂಸದಲ್ಲೇ ಬೆರೆತಿದೆ.

ಕಟ್ಲೆಟ್ ಅನ್ನೋ ಪದವನ್ನೂ ಒಂದು ನಿಮಿಷ ನೋಡಿ. ಅದರ ಮೂಲ ಫ್ರೆಂಚಿನ ಕೋತ್‌ಲೆತ್. ಪಕ್ಕೆಲುಬಿನ ಸಣ್ಣ ತುಂಡು ಅಂತ ಅರ್ಥ. ಕೀವ್ ಕೋಳಿಗೆ ಒಂದು ಮೂಳೆ ಉಳಿಸೋದು ಆ ಅರ್ಥದ ಉಳಿಕೆ. ರಷ್ಯನ್ ಭಾಷೆಗೆ ಹೋದ ಮೇಲೆ ಕೊತ್ಲೆತಾ ಅಂದ್ರೆ ಕೊಚ್ಚಿದ ಮಾಂಸದ ವಡೆ ಅಂತಾಯಿತು. ನಮ್ಮಲ್ಲಿಗೆ ಇಂಗ್ಲಿಷಿನ ಮೂಲಕ ಬಂದ ಅದೇ ಪದ ಕೊನೆಗೆ ಆಲೂಗೆಡ್ಡೆ, ಬೀಟ್‌ರೂಟ್ ಹಿಸುಕಿ ತಟ್ಟಿದ ತಿನಿಸಿನ ಹೆಸರಾಯಿತು. ಪದ ಒಂದೇ, ಮೂಳೆ ಎರಡೂ ಕಡೆ ಮಾಯ. ಊರಿಂದ ಊರಿಗೆ ಹೋಗುವಾಗ ಪದ ತನ್ನ ಅರ್ಥವನ್ನು ಹಾಗೇ ಹೊತ್ತುಕೊಂಡು ಹೋಗೋದಿಲ್ಲ ಅನ್ನೋದು ಇಲ್ಲಿ ಮೊದಲ ಪಾಠ.

3. ಹೆಸರಿನ ಚರಿತ್ರೆ

ಈಗ ಹೆಸರಿಗೆ ಬರೋಣ. ಮೇಲೆ ಹೇಳಿದ ಯಾವುದರಲ್ಲೂ ಕೀವ್ ಅನ್ನೋ ಹೆಸರಿಲ್ಲ, ಗಮನಿಸಿದ್ರಾ?

ಸೋವಿಯತ್ ಕಾಲದ ಆಹಾರ ಚರಿತ್ರೆಕಾರ ವಿಲಿಯಂ ಪೊಖ್ಲ್ಯೋಬ್ಕಿನ್ ಹೇಳುವ ಪ್ರಕಾರ ಈ ತಿನಿಸು 1912ರಲ್ಲಿ ಪೀಟರ್ಸ್‌ಬರ್ಗಿನ ವ್ಯಾಪಾರಿಗಳ ಕ್ಲಬ್ಬಿನಲ್ಲಿ ಹುಟ್ಟಿತು. ಕ್ಲಬ್ಬು ಮಿಖಾಯ್ಲೊವ್ಸ್ಕಿ ಅರಮನೆಯ ಹತ್ತಿರ ಇದ್ದುದರಿಂದ ಹೊಸ ಮಿಖಾಯ್ಲೊವ್ಸ್ಕಿ ಕಟ್ಲೆಟ್ ಅಂತ ಹೆಸರಾಯಿತು. ಕ್ರಾಂತಿಯ ನಂತರ ಮರೆತೇಹೋಯಿತು. 1947ರಲ್ಲಿ, ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದಗಳಿಗೆ ಸಹಿ ಹಾಕಿ ಹಿಂದಿರುಗಿದ ಉಕ್ರೇನ್ ನಿಯೋಗಕ್ಕೆ ಅದನ್ನು ಮತ್ತೆ ಮಾಡಿ ಬಡಿಸಿದಾಗ ಕೀವ್ ಅನ್ನೋ ಹೆಸರು ಬಂತು. ಇದು ಅವರ ಕಥನ.

ಕೀವ್ ನಗರದವರ ಕಥನ ಬೇರೆ. ಯುದ್ಧಕ್ಕೆ ಮೊದಲೇ ನಮ್ಮ ಕಾಂಟಿನೆಂಟಲ್ ಹೋಟೆಲಿನಲ್ಲಿ ಇದನ್ನು ಬಡಿಸುತ್ತಿದ್ದರು ಅಂತಾರೆ. ಆ ಹೋಟೆಲು ಈಗಿಲ್ಲ. 1941ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೇನೆ ಒಳಬಂದ ಮೇಲೆ, ಹಿಮ್ಮೆಟ್ಟಿದ ಸೋವಿಯತ್ ಸೇನೆ ಹುಗಿದಿಟ್ಟಿದ್ದ ಸ್ಫೋಟಕಗಳು ನಗರದ ನಡುಭಾಗವನ್ನು ನೆಲಸಮ ಮಾಡಿದವು, ಹೋಟೆಲೂ ಅದರಲ್ಲಿ ಹೋಯಿತು. ಇನ್ನು ಕೆಲವರು ಇದರ ಕೀರ್ತಿಯನ್ನು ಫ್ರಾನ್ಸಿನ ನಿಕೊಲಾ ಅಪ್ಪೇರ್‌ಗೆ ಕೊಡುತ್ತಾರೆ. ಆಹಾರವನ್ನು ಗಾಳಿಯಾಡದಂತೆ ಮುಚ್ಚಿ ಕೆಡದೆ ಇಡುವ ವಿಧಾನಕ್ಕೆ ಹೆಸರಾದವನು ಆತ. ದೊಡ್ಡವರ ಹೆಸರಿಗೆ ಅನಾಮಿಕರ ಕೆಲಸ ಅಂಟಿಕೊಳ್ಳೋದು ಎಲ್ಲ ಕಡೆ ಇದೆ. ನಮ್ಮಲ್ಲಿ ಕೆರೆ ಕಟ್ಟಿದವರು ಯಾರೋ, ಶಾಸನದಲ್ಲಿ ಹೆಸರು ಯಾರದ್ದೋ, ಹಾಗೆ.

1947ರಲ್ಲೇ ಹೆಸರು ಹುಟ್ಟಿತು ಅನ್ನೋ ಮಾತಿಗೆ ಒಂದು ಅಡ್ಡಿ ಇದೆ. 1930ರ ದಶಕದ ಕೊನೆಗೇ ಅಮೆರಿಕದ ಶಿಕಾಗೊದಲ್ಲಿ ಯಾರ್ ಎಂಬ ರೆಸ್ಟೊರೆಂಟಿನಲ್ಲಿ ಕೀವ್ ಕೋಳಿ ಸಿಗುತ್ತಿತ್ತು. ಕ್ರಾಂತಿಯ ನಂತರ ದೇಶ ಬಿಟ್ಟ ರಷ್ಯನ್ನರ ರೆಸ್ಟೊರೆಂಟ್ ಅದು. ಅಂದರೆ ಈ ಹೆಸರನ್ನು ಊರು ಬಿಟ್ಟವರು 1947ಕ್ಕೆ ಮೊದಲೇ ಬಳಸುತ್ತಿದ್ದರು. ಊರು ಬಿಟ್ಟವರಿಗೆ ತಾನೇ ಊರ ಹೆಸರು ಬೇಕಾಗೋದು? ಪಳನಿಯೊಳಗೆ ಯಾರೂ ಪಳನಿ ಪಂಚಾಮೃತ ಕೊಡಿ ಅಂತ ಕೇಳೋದಿಲ್ಲ, ಬರೀ ಪಂಚಾಮೃತ ಅಂತಾರೆ. ಪಳನಿ ಅನ್ನೋ ವಿಶೇಷಣ ಹುಟ್ಟೋದು ಮಧುರೆಯಲ್ಲಿ, ಚೆನ್ನೈನಲ್ಲಿ, ಬೆಂಗಳೂರಿನಲ್ಲಿ. ಊರ ಹೆಸರು ಊರಿನ ಹೊರಗೆ ಹುಟ್ಟುತ್ತೆ. ಇದು ಎರಡನೇ ಪಾಠ.

ಯುದ್ಧದ ನಂತರ ಸೋವಿಯತ್ ಪ್ರವಾಸ ಸಂಸ್ಥೆ ಇನ್‌ಟೂರಿಸ್ಟ್‌ನ ಹೋಟೆಲುಗಳಲ್ಲಿ ಇದು ಕಾಯಂ ತಿನಿಸಾಯಿತು. ವಿದೇಶಿ ಅತಿಥಿಗೆ ಕೊಡುವ ಮರ್ಯಾದೆಯ ಊಟ. 1979ರಲ್ಲಿ ಬ್ರಿಟನ್ನಿನ ಮಾರ್ಕ್ಸ್ ಆ್ಯಂಡ್ ಸ್ಪೆನ್ಸರ್ ಅಂಗಡಿ ಇದನ್ನು ಸಿದ್ಧ ಆಹಾರವಾಗಿ, ತಣ್ಣಗಿನ ಪೊಟ್ಟಣದಲ್ಲಿ ಮಾರತೊಡಗಿತು. ಕ್ಲಬ್ಬಿನ ಮೇಜಿನಿಂದ ಹೊರಟದ್ದು ಕೂಲಿಯವರ ಮನೆಯ ಒಲೆಗೂ ಬಂತು. ಇಲ್ಲೂ ಚಳಿಯದ್ದೇ ಕೆಲಸ. ಅಂಗಡಿಯಿಂದ ಮನೆಯವರೆಗೆ ತಂಪು ಪೆಟ್ಟಿಗೆಗಳ ಸಾಲು ಇಲ್ಲದಿದ್ದರೆ ಅದು ಆಗ್ತಿರಲಿಲ್ಲ.

4. ನಮ್ಮ ಕಡೆಗೆ ಬಂದ ದಾರಿ

ಈ ತಿನಿಸು ನಮ್ಮ ಉಪಖಂಡಕ್ಕೆ ಹೇಗೆ ಬಂತು? ಅದಕ್ಕೆ ಮೊದಲು ಬರಬೇಕಾದವು ಬಂದಿದ್ದವು: ಮಂಜುಗಡ್ಡೆ, ಬೇಕರಿ ಬ್ರೆಡ್ಡು, ರೈಲು. ಅಮೆರಿಕದ ಬೋಸ್ಟನ್ನಿನಿಂದ ಹಡಗಿನಲ್ಲಿ ಬರುತ್ತಿದ್ದ ಮಂಜುಗಡ್ಡೆ ಇಡಲು ಮದರಾಸಿನ ಸಮುದ್ರ ದಂಡೆಯಲ್ಲಿ 1842ರಲ್ಲಿ ಐಸ್ ಹೌಸ್ ಕಟ್ಟಿದರು. ಇವತ್ತು ಅದು ವಿವೇಕಾನಂದ ಇಲ್ಲಂ. ಇತ್ತ ಪಳನಿ ಬೆಟ್ಟದ ಮೇಲೆ ಅಮೆರಿಕನ್ ಮಿಷನರಿಗಳು 1845ರಲ್ಲಿ ಕೊಡೈಕೆನಾಲಿನಲ್ಲಿ ಮನೆ ಕಟ್ಟಿಕೊಂಡರು. ಮಧುರೆಯ ಸೆಕೆ, ಕಾಯಿಲೆ ತಡೆಯಲಾರದೆ ಹತ್ತಿದವರು. ಅವರ ಜೊತೆಗೆ ಅವರ ಊಟದ ಮೇಜೂ ಬೆಟ್ಟ ಹತ್ತಿತು. 1875ರಲ್ಲಿ ರೈಲು ಬೆಟ್ಟದ ತಪ್ಪಲಿನ ಅಮ್ಮಯನಾಯಕ್ಕನೂರಿಗೆ ಬಂತು. ನಾವು ಈಗ ಕೊಡೈ ರೋಡ್ ಅಂತ ಕರೆಯುವ ನಿಲ್ದಾಣ ಅದೇ. ರೈಲು, ಕ್ಲಬ್ಬು, ಮಿಷನ್ ಬಂಗಲೆಗಳ ಅಡುಗೆಮನೆಗಳಿಂದ ಬ್ರೆಡ್ ಪುಡಿ ಹಚ್ಚಿ ಕರಿಯುವ ಕ್ರಮ ಬಯಲಿನ ಬೀದಿಗೆ ಇಳಿಯಿತು. ಇಳಿಯುತ್ತಾ ವೇಷ ಬದಲಿಸಿತು. ಮೊಟ್ಟೆಯ ಬದಲು ಮೈದಾ ಕಲಸಿದ ನೀರು, ಬ್ರೆಡ್ ಪುಡಿಯ ಬದಲು ರಸ್ಕ್ ಪುಡಿ ಅಥವಾ ರವೆ, ಮಾಂಸದ ಬದಲು ತರಕಾರಿ.

ಕೀವ್ ಹೆಸರಿನ ಕೋಳಿ ಬಂದ ದಾರಿ ಬೇರೆ. ಅದರ ಜೊತೆ ಸೇರಿಕೊಂಡ ಒಂದು ಹೆಸರು ಬೋರಿಸ್ ಲಿಸಾನೆವಿಚ್. 1905ರಲ್ಲಿ ಒಡೆಸ್ಸಾದಲ್ಲಿ ಹುಟ್ಟಿದವರು, ಕ್ರಾಂತಿಯ ನಂತರ ದೇಶ ಬಿಟ್ಟವರು, ಬ್ಯಾಲೆ ನರ್ತಕರು. 1936ರಲ್ಲಿ ಕಲ್ಕತ್ತಾದಲ್ಲಿ 300 ಕ್ಲಬ್ ತೆರೆದರು. ಭಾರತೀಯರನ್ನೂ ಯುರೋಪಿಯನ್ನರನ್ನೂ ಸಮಾನವಾಗಿ ಸದಸ್ಯರಾಗಿ ಸೇರಿಸಿಕೊಂಡ ಕ್ಲಬ್ಬು ಅದು. ಅಲ್ಲಿ ರಷ್ಯನ್ ಅಡುಗೆ. ಆಮೇಲೆ ಕಾಠ್ಮಂಡುವಿಗೆ ಹೋಗಿ ರಾಯಲ್ ಹೋಟೆಲ್ ನಡೆಸಿದರು. ಅವರ ಹೆಸರಿಗೆ ಜೋಡಿಕೊಂಡ ಬೋರ್ಷ್ ಸಾರು, ಕೀವ್ ಕೋಳಿ ಇವತ್ತಿಗೂ ಅಲ್ಲಿನ ಯಾಕ್ ಆ್ಯಂಡ್ ಯೇತಿ ಹೋಟೆಲಿನ ಚಿಮ್ನಿ ರೆಸ್ಟೊರೆಂಟಿನ ಗುರುತು. ಕಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಮೊಕಾಂಬೊದಲ್ಲೂ ಈ ಕೋಳಿ ಹಳೆಯ ಗಿರಾಕಿಗಳ ಅಚ್ಚುಮೆಚ್ಚು. ಇಲ್ಲೂ ನೋಡಿ, ಹೆಸರನ್ನು ಹೊತ್ತು ತಂದವರು ಊರು ಕಳಕೊಂಡವರೇ.

ಕನ್ನಡದ ಕಿವಿಗೆ ಈ ಹೆಸರಿನದ್ದು ಒಂದು ಪೇಚಾಟವೂ ಇದೆ. ಚುಚ್ಚಿದರೆ ಒಳಗಿಂದ ಚಿಮ್ಮುವ ತಿನಿಸಿಗೆ ಕೀವು ಅಂತ ಹೆಸರಿಟ್ಟು ಕನ್ನಡಿಗರ ಮುಂದಿಟ್ಟರೆ ಯಾರು ತಿಂತಾರೆ? ಚಿಕನ್ ಆ ಲಾ ಕೀವ್ ಅಂತ ಉದ್ದ ಎಳೆದು ಹೇಳಿದರೆ ಪಾರು. ನಗಬೇಡಿ, ಇದೂ ಚರಿತ್ರೆಯೇ. ಹೆಸರು ಬೇರೆ ಭಾಷೆಯ ಬಾಯಿಗೆ ಬಿದ್ದಾಗ ಏನಾಗುತ್ತೆ ಅನ್ನೋದು ಗಡಿಯಲ್ಲಿ ಬದುಕುವ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

5. ಹಕ್ಕಿನ ಚರಿತ್ರೆ

1991ರ ಆಗಸ್ಟ್ 1ರಂದು ಅಮೆರಿಕದ ಅಧ್ಯಕ್ಷ ಜಾರ್ಜ್ ಬುಷ್, ಹಿರಿಯ ಬುಷ್, ಕೀವ್‌ನಲ್ಲಿ ಭಾಷಣ ಮಾಡಿ, ಉಕ್ರೇನಿಗರು ಸ್ವಾತಂತ್ರ್ಯಕ್ಕೆ ಅವಸರಪಡದಂತೆ ಎಚ್ಚರಿಸುವ ಧಾಟಿಯಲ್ಲಿ ಮಾತಾಡಿದರು. ಅಂಕಣಕಾರ ವಿಲಿಯಂ ಸಫೈರ್ ಅದನ್ನು ಚಿಕನ್ ಕೀವ್ ಭಾಷಣ ಅಂತ ಗೇಲಿ ಮಾಡಿದರು. ಇಂಗ್ಲಿಷಿನಲ್ಲಿ ಚಿಕನ್ ಅಂದ್ರೆ ಪುಕ್ಕಲ ಅಂತಲೂ ಅರ್ಥ ಇದೆಯಲ್ಲ. ಅದೇ ತಿಂಗಳ 24ರಂದು ಉಕ್ರೇನ್ ಸ್ವಾತಂತ್ರ್ಯ ಘೋಷಿಸಿಕೊಂಡಿತು.

2022ರಲ್ಲಿ ರಷ್ಯಾ ಯುದ್ಧ ಹೂಡಿದ ಮೇಲೆ ಬ್ರಿಟನ್ನಿನ ದೊಡ್ಡ ಅಂಗಡಿಗಳು ಪೊಟ್ಟಣದ ಮೇಲಿನ ಕಾಗುಣಿತ ಬದಲಿಸಿದವು. ರಷ್ಯನ್ ಉಚ್ಚಾರಣೆಯ ಕೀವ್ ಬೇಡ, ಉಕ್ರೇನಿಯನ್ ಉಚ್ಚಾರಣೆಯ ಕಾಗುಣಿತ ಇರಲಿ ಅಂತ. ನಮ್ಮ ಕನ್ನಡ ಪತ್ರಿಕೆಗಳೂ ಕೀವ್, ಕೈವ್ ಎರಡೂ ಬರೆದವು. ಕೋಳಿ ಅದೇ, ಬೆಣ್ಣೆ ಅದೇ. ಬದಲಾದದ್ದು ಒಂದೆರಡು ಅಕ್ಷರ. ಒಂದೆರಡು ಅಕ್ಷರಕ್ಕೆ ಇಷ್ಟು ಗದ್ದಲವಾ ಅಂತ ಕೇಳುವವರಿದ್ದಾರೆ. ಬಾಂಬು ಬೀಳುತ್ತಿರುವ ಊರಿನವರಿಗೆ ತಮ್ಮ ಊರಿನ ಹೆಸರನ್ನು ತಮ್ಮ ಬಾಯಿಂದ ಹೇಗೆ ಕರೀತಾರೋ ಹಾಗೇ ಬೇರೆಯವರೂ ಕರೆಯಲಿ ಅನ್ನಿಸಿದರೆ ಅದು ಸಣ್ಣ ಆಸೆ ಅಲ್ಲ.

ಆದರೆ ಚರಿತ್ರೆ ಓದುವ ನಾವು ಇಲ್ಲಿ ಎರಡು ಮಾತನ್ನು ಬೇರೆ ಇಡಬೇಕು. ಊರಿನ ಹೆಸರು ಊರಿನವರ ಹಕ್ಕು. ಅದು ನಿಜ. ಆ ಹಕ್ಕಿನಿಂದ ತಿನಿಸು ಅಲ್ಲೇ ಹುಟ್ಟಿತು ಅಂತ ಸಾಬೀತಾಗೋದಿಲ್ಲ. ತಿನಿಸು ಅಲ್ಲಿ ಹುಟ್ಟಲಿಲ್ಲ ಅಂತ ಯಾರಾದರೂ ತೋರಿಸಿದರೂ ಆ ಹಕ್ಕು ಹೋಗೋದಿಲ್ಲ. ಇದು ಮೂರನೇ ಪಾಠ.

6. ನಮ್ಮ ಊರಿಗೆ ವಾಪಸ್

ಈ ಮೂರು ಪಾಠ ಹಿಡಿದು ಪಳನಿಗೆ ಬನ್ನಿ. ಪಳನಿ ಪಂಚಾಮೃತಕ್ಕೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿತು. ಬಾಳೆಹಣ್ಣು, ಬೆಲ್ಲ, ತುಪ್ಪ, ಜೇನು, ಏಲಕ್ಕಿ, ಜೊತೆಗೆ ಖರ್ಜೂರ, ಕಲ್ಲುಸಕ್ಕರೆ. ಪಂಚಾಮೃತ ಅನ್ನೋದು ದೇಶದ ತುಂಬ ಇದೆ, ನಮ್ಮ ಮನೆಯ ಸತ್ಯನಾರಾಯಣ ಪೂಜೆಯಲ್ಲೂ ಇದೆ. ಅದನ್ನು ಪಳನಿಯವರು ಕಂಡುಹಿಡಿದರು ಅಂತ ಸೂಚಿಕೆ ಹೇಳೋದಿಲ್ಲ. 1999ರ ಕಾನೂನು ಕೇಳುವ ಪ್ರಶ್ನೆ ಬೇರೆ: ಈ ವಸ್ತುವಿನ ಗುಣಕ್ಕೋ ಹೆಸರಿಗೋ ಈ ಜಾಗ ಕಾರಣವೇ? ಬೆಟ್ಟದ ವಿರೂಪಾಕ್ಷಿ ಬಾಳೆ ಇದಕ್ಕೆ ಬೀಳುತ್ತೆ. ವಿರೂಪಾಕ್ಷಿ ಅಂದ್ರೆ ತಪ್ಪಲಿನ ಒಂದು ಊರು. ಹಂಪಿ ಬಲ್ಲವರ ಕಿವಿ ಇಲ್ಲಿ ನೆಟ್ಟಗಾಗುತ್ತೆ. ಅದೇ 2019ರಲ್ಲಿ ಕೊಡೈಕೆನಾಲಿನ ಬೆಟ್ಟದ ಬೆಳ್ಳುಳ್ಳಿಗೂ ಸೂಚಿಕೆ ಸಿಕ್ಕಿತು. ಅಲ್ಲಿ ಕೈ, ಹೆಸರು, ಹಕ್ಕು ಮೂರೂ ಸಾಕಷ್ಟು ಹತ್ತಿರ ಹತ್ತಿರ ಇವೆ.

ದಿಂಡಿಗಲ್ ಬಿರಿಯಾನಿಯದ್ದು ಇನ್ನೊಂದು ರೀತಿ. 1957ರಲ್ಲಿ ನಾಗಸಾಮಿ ನಾಯ್ಡು ಅವರು ದಿಂಡಿಗಲ್‌ನಲ್ಲಿ ಆರಂಭಿಸಿದ ಆನಂದ ವಿಲಾಸ್ ಬಿರಿಯಾನಿ ಹೋಟೆಲು, ಅವರು ತಲೆಗೆ ಸುತ್ತುತ್ತಿದ್ದ ರುಮಾಲಿನಿಂದ ತಲಪ್ಪಾಕಟ್ಟಿ ಅಂತ ಹೆಸರಾಯಿತು. ಜೀರಗ ಸಾಂಬಾ ಅಕ್ಕಿಯ ಬಿರಿಯಾನಿ. ಬಿರಿಯಾನಿಯ ಚರಿತ್ರೆ ದಿಂಡಿಗಲ್‌ಗಿಂತ ಹಳೆಯದು. ರುಮಾಲಿನ ಚರಿತ್ರೆ ಮಾತ್ರ ದಿಂಡಿಗಲ್‌ನದ್ದೇ. ದಾವಣಗೆರೆಯ ಬೆಣ್ಣೆ ದೋಸೆಯ ಕಥೆಯಲ್ಲೂ, 1928ರ ಹೊತ್ತಿಗೆ ಬೆಳಗಾವಿ ಕಡೆಯಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ಚೆನ್ನಮ್ಮ ಎಂಬಾಕೆ ಮೊದಲು ಮಾಡಿದ್ದು ರಾಗಿ ದೋಸೆ, ಮುಂದೆ ಮಕ್ಕಳ ಕಾಲದಲ್ಲಿ ಅಕ್ಕಿ ಹಿಟ್ಟು, ಬೆಣ್ಣೆ ಬಂತು ಅಂತ ಹೇಳ್ತಾರೆ. ಊರಿಗೆ ಹೆಸರು ತಂದ ಕೈ ಬೇರೆ ಊರಿಂದ ಬಂದದ್ದು.

ಈಗ ನಮ್ಮದೇ ವಿಷಯ. ಕಂಬಂ ಕಣಿವೆಯ ಕನ್ನಡಿಗರು ಊಟದ ಬಗ್ಗೆ ಏನು ಬರೆದಿಟ್ಟಿದ್ದೇವೆ? ಅಚ್ಚಾದ ದಾಖಲೆ ಹುಡುಕಿ ಹೋದರೆ ಸಿಗೋದು 1906ರ ಮಧುರಾ ಜಿಲ್ಲಾ ಗೆಜೆಟಿಯರ್, 1909ರ ಥರ್ಸ್ಟನ್ ಅವರ ಸಂಪುಟಗಳು. ಅಲ್ಲಿ ಕಪ್ಪಿಲಿಯನ್ ಅನ್ನೋ ಹೆಸರಿನಡಿ ಮಧುರೆ, ತಿರುನೆಲ್ವೇಲಿ ಕಡೆಯ ಕನ್ನಡ ಮಾತಾಡುವ ರೈತರ ವಿವರ ಇದೆ. ನಮ್ಮವರು ತಮ್ಮನ್ನು ಒಕ್ಕಲಿಗರು ಅಂತ ಕರೆದುಕೊಳ್ಳುತ್ತಾರೆ, ಪುಸ್ತಕ ಬೇರೆ ಹೆಸರು ಹೇಳುತ್ತೆ. ಕೀವ್‌ಗೂ ನಮಗೂ ಇರುವ ನಂಟು ಇದು. ನಮ್ಮ ಹೆಸರನ್ನೂ ಬೇರೆಯವರ ಬಾಯಲ್ಲೇ ಬರೆಯಲಾಗಿದೆ.

ಆದರೆ ಆ ಹಳೆಯ ದಾಖಲೆಗಳಲ್ಲೇ ಒಂದು ಕಡೆ ನಮ್ಮ ಬಾಯಿ ಕೇಳಿಸುತ್ತೆ. ಕಂಬಂನಲ್ಲಿ ದೇವರಿಗೆ ಬಿಟ್ಟ ದನಗಳ ಹಿಂಡು ಇದೆಯಲ್ಲ, ನಂದಗೋಪಾಲನ ತೊಳು ಅಂತ ಪೊಂಗಲ್ ಸಮಯದಲ್ಲಿ ಜನ ಸೇರುವ ಜಾಗ. ಆ ಹಿಂಡಿಗೆ ತಮಿಳಿನಲ್ಲಿ ತಂಬಿರಾನ್ ಮಾಡು, ಕನ್ನಡದಲ್ಲಿ ದೇವರು ಆವು ಅಂತ ಎರಡು ಹೆಸರನ್ನೂ ಬರೆದಿದ್ದಾರೆ. ಆವು ಅನ್ನೋದು ಹಸುವಿಗೆ ಹಳಗನ್ನಡದ ಪದ. ಬೆಂಗಳೂರಿನಲ್ಲಿ ಅದು ಪಠ್ಯಪುಸ್ತಕದಲ್ಲಿ ಮಾತ್ರ ಸಿಗುತ್ತೆ. ಕಂಬಂನ ದೊಡ್ಡಿಯಲ್ಲಿ ಅದು ಬಾಯಿಮಾತಾಗಿತ್ತು. ಒಂದೇ ಹಿಂಡು, ಎರಡು ಹೆಸರು, ಎರಡೂ ಸತ್ಯ. ಯಾರೋ ಒಬ್ಬ ಅಧಿಕಾರಿ ಎರಡನ್ನೂ ಕೇಳಿ ಬರೆದುಕೊಂಡಿದ್ದರಿಂದ ಆ ಪದ ಉಳಿಯಿತು.

ನನ್ನ ಆತಂಕ ಇಲ್ಲಿದೆ. ಕೀವ್ ಕೋಳಿಯ ಚರಿತ್ರೆಯಲ್ಲಿ ಯಾರ ಹೆಸರು ಉಳಿಯಿತು ನೋಡಿ: ಕ್ಲಬ್ಬು, ನಿಯೋಗ, ಹೋಟೆಲು, ಅಂಗಡಿ. ಬರೆಯುವವರು ಕೂತ ಮೇಜುಗಳು. ತಣ್ಣೀರಲ್ಲಿ ಕೈ ಅದ್ದಿ ಬೆಣ್ಣೆ ಸುತ್ತಿದವರ ಹೆಸರು ಒಂದೂ ಇಲ್ಲ. ಮೊದಲು ಅಚ್ಚಾದದ್ದೇ ಮೊದಲು ಹುಟ್ಟಿದ್ದು ಅನ್ನೋ ಅಳತೆಗೋಲು ಹಿಡಿದರೆ ಕೈಯ ಚರಿತ್ರೆ ಪೂರ್ತಿ ಹೋಗುತ್ತೆ. ನಮ್ಮ ಕಣಿವೆಯ ಕನ್ನಡಕ್ಕೆ ಲಿಪಿ ಇಲ್ಲ, ಶಾಲೆ ಇಲ್ಲ. ಮಕ್ಕಳು ತಮಿಳಿನಲ್ಲಿ ಓದುತ್ತಾರೆ, ಮನೆಯೊಳಗೆ ಮಾತ್ರ ಕನ್ನಡ. ಮನೆಯೊಳಗೆ ಅಂದ್ರೆ ಹೆಚ್ಚಾಗಿ ಅಡುಗೆಮನೆಯಲ್ಲಿ. ಹಾಗಾಗಿ ಅಡುಗೆಮನೆಯ ಮಾತು ಬರೆದಿಡೋದು ಅಂದ್ರೆ ಭಾಷೆಯನ್ನೇ ಬರೆದಿಡೋದು. ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ ಅಂತ ಗಾದೆ ಇದೆಯಲ್ಲ, ನಮ್ಮ ಸ್ಥಿತಿ ಅದಕ್ಕೆ ಹತ್ತಿರ.

ಹಾಗಾಗಿ ಒಂದು ಕೆಲಸ ಸೂಚಿಸುತ್ತೇನೆ. ಮನೆಯ ಹಿರಿಯರ ಹತ್ತಿರ ಕೂತು ಒಂದೊಂದು ತಿನಿಸಿಗೆ ಮೂರು ಸಾಲು ಬರೆಯಿರಿ. ಕೈ: ಯಾರಿಂದ ಕಲಿತರು, ಅವರು ಯಾವ ಊರಿನವರು. ಹೆಸರು: ಮನೆಯಲ್ಲಿ ಏನಂತಾರೆ, ಬೀದಿಯಲ್ಲಿ ಏನಂತಾರೆ. ಹಕ್ಕು: ಇದು ನಮ್ಮದು ಅಂತ ಯಾವ ಹಬ್ಬದಲ್ಲಿ, ಯಾರ ಮುಂದೆ ಹೇಳ್ತಾರೆ. ಮೊದಲು ಯಾರು ಮಾಡಿದರು ಅನ್ನೋ ಪ್ರಶ್ನೆ ಕೇಳಬೇಡಿ. ಅದಕ್ಕೆ ಸಿಗೋ ಉತ್ತರ ಯಾವಾಗಲೂ ಹೆಮ್ಮೆಯದ್ದೇ ಆಗಿರುತ್ತೆ.

ಸಂವಾದ

ಪ್ರಶ್ನೆ (ದಿಂಡಿಗಲ್‌ನ ವಿದ್ಯಾರ್ಥಿ): ಸರ್, ನೀವು ಹೇಳಿದ್ದು ಕೇಳಿದರೆ ಈ ಭೌಗೋಳಿಕ ಸೂಚಿಕೆಗಳೆಲ್ಲ ಸುಳ್ಳು ಅಂತ ಆಗೋದಿಲ್ವಾ?

ಉತ್ತರ: ಇಲ್ಲಪ್ಪ. ಸೂಚಿಕೆ ಬೆಳೆಗಾರನಿಗೆ, ತಯಾರಿಸುವವರಿಗೆ ರಕ್ಷಣೆ. ಕೊಡೈಕೆನಾಲಿನ ಬೆಳ್ಳುಳ್ಳಿ ಅಂತ ಬೇರೆ ಬೆಳ್ಳುಳ್ಳಿ ಮಾರಿದರೆ ಬೆಟ್ಟದ ರೈತನಿಗೆ ನಷ್ಟ. ಅದನ್ನು ತಡೆಯೋದು ಅದರ ಕೆಲಸ. ನಾವು ಅದನ್ನು ಹುಟ್ಟಿದ ದಾಖಲೆ ಅಂತ ಓದಿದರೆ ತಪ್ಪು ನಮ್ಮದು, ಸೂಚಿಕೆಯದ್ದಲ್ಲ. ಕಾನೂನು ಹಕ್ಕಿನ ಮಾತಾಡುತ್ತೆ, ನಾವು ಕೈಯ ಮಾತನ್ನೂ ಕೇಳಬೇಕು.

ಪ್ರಶ್ನೆ (ಬೆಂಗಳೂರಿನಿಂದ, ಅಡುಗೆ ಕಲಿಸುವ ಶಿಕ್ಷಕಿ): ನಾವು ತರಗತಿಯಲ್ಲಿ ಇದನ್ನು ಮಾಡಿಸ್ತೀವಿ. ಮಕ್ಕಳಿಗೆ ಯಾವ ದೇಶದ ಅಡುಗೆ ಅಂತ ಬರೆಸಬೇಕು? ರಷ್ಯಾ ಅಂತಲೋ, ಉಕ್ರೇನ್ ಅಂತಲೋ?

ಉತ್ತರ: ಒಂದೇ ಪದದ ಉತ್ತರ ಬರೆಸಬೇಡಿ ಮೇಡಂ. ಹೊದಿಕೆಯ ಕ್ರಮ ಫ್ರೆಂಚ್, ಬೆಳೆದದ್ದು ರಷ್ಯಾ ಸಾಮ್ರಾಜ್ಯದ ಅಡುಗೆಮನೆಗಳಲ್ಲಿ, ಹೆಸರು ಉಕ್ರೇನಿನ ರಾಜಧಾನಿಯದ್ದು ಅಂತ ಮೂರು ಸಾಲು ಬರೆಸಿ. ಊರಿನ ಹೆಸರನ್ನು ಆ ಊರಿನವರು ಹೇಗೆ ಕರೀತಾರೋ ಹಾಗೆ ಹೇಳಿಕೊಡಿ. ಮೂರು ಸಾಲು ಬರೆಯೋಕೆ ಕಲಿತ ಹುಡುಗ ನಾಳೆ ನಮ್ಮ ಊರಿನ ತಿನಿಸಿನ ಬಗ್ಗೆಯೂ ಮೂರು ಸಾಲು ಬರೀತಾನೆ.

ಪ್ರಶ್ನೆ (ಕಂಬಂನಿಂದ, ಗೃಹಿಣಿ): ಅಣ್ಣಾ, ನಮ್ಮನೇಲಿ ಬರೆದಿಡೋ ಅಂಥದ್ದು ಏನಿದೆ? ಎಲ್ಲಾ ಅಕ್ಕಪಕ್ಕದ ತಮಿಳರ ಮನೇಲಿ ಮಾಡೋ ಹಾಗೇನೇ ನಾವೂ ಮಾಡೋದು.

ಉತ್ತರ: ಅಕ್ಕಾ, ರಾಗಿ ಹಿಟ್ಟು ಕುದಿಸಿ ಉಂಡೆ ಕಟ್ಟಿದ್ದನ್ನ ಪಕ್ಕದ ಮನೆಯವರು ಕಳಿ ಅಂತಾರೆ. ನಿಮ್ಮನೇಲಿ ಹಿರಿಯರು ಅದನ್ನ ಏನಂತ ಕೂಗ್ತಿದ್ರು, ಅದನ್ನ ತಿರುವೋ ಕೋಲಿಗೆ ಏನಂತಿದ್ರು, ಗಂಟಾದರೆ ಏನಂತ ಬೈತಿದ್ರು, ಅದನ್ನ ಬರೀರಿ. ಮಾಡೋ ರೀತಿ ಒಂದೇ ಇರಬಹುದು. ಆ ಮಾತು ನಿಮ್ಮನೆಯದ್ದು. ತಮಿಳು ಅಕ್ಷರದಲ್ಲೇ ಬರೆದರೂ ಪರವಾಗಿಲ್ಲ, ಈ ವಾರ ಒಂದು ಪದ ಬರೆದು ಕಳಿಸಿ.